ರಜೆ ಕೇಳಿ, ರೋಗದ ಪುರಾಣ ಬೇಡ: ಸಿಕ್ ಲೀವ್ ಹಾಕುವವರಿಗೆ

ಶಿವಮೊಗ್ಗದಲ್ಲಿ ಮೂರು ದಿನ ಕೆಲಸಕ್ಕೆ ಹೋಗದಿದ್ದರೆ ನಾಲ್ಕನೇ ದಿನ ಕಾರಣ ಆಫೀಸಿಗೆಲ್ಲ ಗೊತ್ತಿರುತ್ತದೆ. ದುರ್ಗಿಗುಡಿಯ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ಮ್ಯಾನೇಜರ್ ಮನೆಯವರ ಚಿಕ್ಕಮ್ಮ ಆಗಿರುತ್ತಾರೆ. ಸ್ಕ್ಯಾನಿಂಗ್ ಸೆಂಟರಿನ ಹುಡುಗ ಸಹೋದ್ಯೋಗಿಯ ಕ್ಲಾಸ್‌ಮೇಟ್. ಸಣ್ಣ ಊರು, ಏನೂ ಮಾಡೋಕಾಗಲ್ಲ. ಆದರೆ ಬಹಳ ಸಲ ಸುದ್ದಿ ಹೊರಗೆ ಬೀಳುವುದು ಚಿಕ್ಕಮ್ಮನಿಂದ ಅಲ್ಲ. ರಜೆ ಕೇಳಿದವರೇ ಆಫೀಸ್ ಗ್ರೂಪಿಗೆ ಹಾಕಿದ ಡಿಸ್ಚಾರ್ಜ್ ಸಮ್ಮರಿಯ ಫೋಟೋದಿಂದ.

ಹಾಜರಿ, ಸಂಬಳದ ಲೆಕ್ಕ ನೋಡುವ ಕೆಲಸ ನನ್ನದು. ಮೇಜಿನ ಈ ಕಡೆ ಕೂತವರಿಗೆ ನಿಜವಾಗಿ ಬೇಕಾಗಿರುವುದು ಇಷ್ಟೇ: ಯಾವತ್ತಿನಿಂದ ಯಾವತ್ತಿನವರೆಗೆ ಬರುವುದಿಲ್ಲ, ಅದಕ್ಕೆ ಡಾಕ್ಟರ್ ಕಾಗದ ಇದೆಯಾ, ವಾಪಸ್ ಬಂದ ಮೇಲೆ ಮೊದಲಿನ ಕೆಲಸ ಮಾಡಲು ಆಗುತ್ತದಾ. ಮೂಲವ್ಯಾಧಿಯೋ, ಗರ್ಭಪಾತವೋ, ಖಿನ್ನತೆಯೋ ಅನ್ನುವುದು ಹಾಜರಿ ಪುಸ್ತಕದ ಯಾವ ಕಾಲಂನಲ್ಲೂ ಬರೆಯುವಂಥದ್ದಲ್ಲ.

ಮೊದಲು: ನೀವು ಯಾವ ಕಾನೂನಿನ ಕೆಳಗೆ ಬರುತ್ತೀರಿ?

ಜ್ವರ ಬರುವುದಕ್ಕೆ ಮುಂಚೆ ನೋಡಿಕೊಳ್ಳಬೇಕಾದ್ದು ಇದು. ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿ ತೆಗೆದು ನೋಡಿ.

ನೆಹರು ರಸ್ತೆಯ ಬಟ್ಟೆ ಅಂಗಡಿ, ಹೋಟೆಲ್, ಫೈನಾನ್ಸ್ ಕಚೇರಿ, ಲೆಕ್ಕಪರಿಶೋಧಕರ ಆಫೀಸು, ಸಾಫ್ಟ್‌ವೇರ್ ಕಂಪನಿ ಇಂಥ ಕಡೆ ಇರುವವರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಕೊಡಬೇಕು ಎನ್ನುತ್ತದೆ ಅದು. ಮೊದಲ ವರ್ಷದಿಂದಲೇ. ಕೆಲಸ ಮಾಡಿದ 20 ದಿನಕ್ಕೆ ಒಂದರಂತೆ ಸೇರುವ ಗಳಿಕೆ ರಜೆ ಇದರ ಜೊತೆಗೆ, ಬೇರೆ. "ನಮ್ಮಲ್ಲಿ ಸಿಕ್ ಲೀವ್ ಪದ್ಧತಿ ಇಲ್ಲ ಕಣಪ್ಪ" ಎಂದು ಮಾಲೀಕರು ಹೇಳಿದರೆ ಅದು ಅವರ ಪದ್ಧತಿ ಅಷ್ಟೇ, ಕಾನೂನಲ್ಲ.

ಮಾಚೇನಹಳ್ಳಿಯ ಗಾರ್ಮೆಂಟ್ಸ್, ಫೌಂಡ್ರಿ, ಭದ್ರಾವತಿ ಕಡೆಯ ಕಾರ್ಖಾನೆಗಳವರಿಗೆ ಮುಖ್ಯ ಆಧಾರ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆ, ತಿಂಗಳ ಸಂಬಳ 21,000 ರೂಪಾಯಿ ಒಳಗೆ ಇದ್ದರೆ ನೀವು ಅದರಲ್ಲಿ ಇರಬೇಕು. ಕಾಂಟ್ರಾಕ್ಟ್ ಕಾರ್ಮಿಕರೂ ಸೇರಿ. ಅಂಗಡಿ, ಹೋಟೆಲ್ಲುಗಳಿಗೂ ಇದು ಅನ್ವಯಿಸುತ್ತದೆ. ಸಂಬಳದ ಚೀಟಿಯಲ್ಲಿ ಶೇ. 0.75 ಕಡಿತ ಕಾಣುತ್ತದೆಯಾ ನೋಡಿ. ಮಾಲೀಕರು ಅದರ ಮೇಲೆ ಶೇ. 3.25 ಕಟ್ಟಬೇಕು.

ರಾಜ್ಯ ಸರ್ಕಾರಿ ನೌಕರರದು ಬೇರೆ ಲೆಕ್ಕ. ವರ್ಷಕ್ಕೆ 20 ದಿನ ಅರ್ಧ ವೇತನ ರಜೆ. ವೈದ್ಯಕೀಯ ಪ್ರಮಾಣ ಪತ್ರ ಕೊಟ್ಟರೆ ಅದನ್ನು ಪರಿವರ್ತಿತ ರಜೆ ಮಾಡಿಕೊಂಡು ಪೂರ್ತಿ ಸಂಬಳ ಪಡೆಯಬಹುದು, ಖಾತೆಯಲ್ಲಿ ಎರಡು ಪಟ್ಟು ಕಳೆಯುತ್ತದೆ. ದೊಡ್ಡ ಕಾಫಿ, ಟೀ ಎಸ್ಟೇಟಿನವರಿಗೆ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಕಾಯಿಲೆ ಭತ್ಯೆ ಇದೆ. ಅಡಿಕೆ ತೋಟಕ್ಕೆ ದಿನಗೂಲಿಗೆ ಹೋಗುವವರಿಗೆ ಇದಾವುದೂ ಇಲ್ಲ. ಮಲೆನಾಡಿನಲ್ಲಿ ಜಾಸ್ತಿ ಜನ ಇರುವುದು ಆ ಕೆಲಸದಲ್ಲೇ ಅನ್ನುವುದು ಬೇಜಾರಿನ ವಿಷಯ.

ಹುಷಾರು ತಪ್ಪಿದ ದಿನ: ಒಬ್ಬರಿಗೆ, ಬರಹದಲ್ಲಿ

ಫೋನ್ ಮಾಡಿ ಹೇಳಿ, ತಪ್ಪಿಲ್ಲ. ಆದರೆ ಫೋನಿಗೆ ದಾಖಲೆ ಇಲ್ಲ. ಮಾತಾಡಿದ ಮೇಲೆ ಒಂದು ಮೆಸೇಜ್ ಅಥವಾ ಇಮೇಲ್ ಹಾಕಿ. ಗ್ರೂಪಿಗಲ್ಲ. ರಜೆ ಮಂಜೂರು ಮಾಡುವವರಿಗೆ ಮಾತ್ರ. ಇಷ್ಟು ಸಾಕು:

"ಮಾನ್ಯರೇ, ಅನಾರೋಗ್ಯದ ಕಾರಣ 12ರಿಂದ 16ನೇ ತಾರೀಕಿನವರೆಗೆ ಕೆಲಸಕ್ಕೆ ಹಾಜರಾಗಲು ಆಗುವುದಿಲ್ಲ. ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ಈ ಐದು ದಿನವನ್ನು ಸಿಕ್ ಲೀವ್ ಎಂದು ಪರಿಗಣಿಸಬೇಕಾಗಿ ಕೋರುತ್ತೇನೆ. ವೈದ್ಯಕೀಯ ಪ್ರಮಾಣ ಪತ್ರವನ್ನು ಬಂದ ದಿನ ಸಲ್ಲಿಸುತ್ತೇನೆ."

ಇದರಲ್ಲಿ ಕಾಯಿಲೆಯ ಹೆಸರಿಲ್ಲ, ಗಮನಿಸಿ. ನಮ್ಮ ಜನಕ್ಕೆ ಒಂದು ಅಭ್ಯಾಸ: ನಂಬಲಿ ಅಂತ ವಿವರ ಸೇರಿಸುತ್ತಾ ಹೋಗುತ್ತಾರೆ. "ನಿನ್ನೆ ರಾತ್ರಿಯಿಂದ ಏಳು ಸಲ ವಾಂತಿ ಸಾರ್" ಅಂತ. ಯಾರೂ ಎಣಿಸಿಕೊಳ್ಳುವುದಿಲ್ಲ. ಬೇಕಾದ್ದು ತಾರೀಕು. "ಸಿಕ್ ಲೀವ್" ಎಂದು ಬರೆಯುವುದೂ ಮುಖ್ಯ. ಬರೆಯದಿದ್ದರೆ ಗಳಿಕೆ ರಜೆಯಲ್ಲೋ, ಸಂಬಳ ಇಲ್ಲದ ರಜೆಯಲ್ಲೋ ಹಾಕಿಬಿಡುತ್ತಾರೆ. ಆಮೇಲೆ ಸರಿ ಮಾಡಿಸುವುದು ತಲೆನೋವು.

ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿಯಿಂದ ಓಡಾಡುವವರಿಗೆ ಇನ್ನೊಂದು ಕಷ್ಟ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಪೇಟೆ ಕಡೆ ಹೋಗುವ ಯಾರ ಕೈಯಲ್ಲಾದರೂ ಒಂದು ಸಾಲಿನ ಚೀಟಿ ಕಳಿಸಿ, ಸಿಗ್ನಲ್ ಬಂದ ಕೂಡಲೇ ಮೆಸೇಜ್ ಹಾಕಿ, "ನೆಟ್‌ವರ್ಕ್ ಇರಲಿಲ್ಲ" ಎಂದು ಅದರಲ್ಲೇ ಸೇರಿಸಿ. ಹೇಳದೆ ಗೈರಾಗುವುದು ಮಾತ್ರ ಬೇಡ. ಹಲವು ಕಾರ್ಖಾನೆಗಳ ಸ್ಥಾಯೀ ಆದೇಶಗಳಲ್ಲಿ, ಅಂದರೆ ಕೆಲಸದ ನಿಯಮಗಳಲ್ಲಿ, ಎಂಟು ಹತ್ತು ದಿನ ತಿಳಿಸದೆ ಬಾರದಿದ್ದರೆ ಕೆಲಸ ಬಿಟ್ಟ ಹಾಗೆ ಎಂಬ ಸಾಲು ಇರುತ್ತದೆ.

ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಓದಿ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಗಳಲ್ಲಿ ರಜೆ ಸರ್ಟಿಫಿಕೇಟಿನ ಒಂದು ಮಾದರಿ ಇದೆ. ಮೇಲೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು. ಕೆಳಗೆ ಡಾಕ್ಟರ್ ಒಕ್ಕಣೆ: ಮೇಲೆ ಸಹಿ ಮಾಡಿದವರನ್ನು ಪರೀಕ್ಷಿಸಿದ್ದೇನೆ, ಇಂಥ ಕಾಯಿಲೆ ಇದೆ, ಇಂಥ ದಿನದಿಂದ ಇಷ್ಟು ದಿನ ಕೆಲಸದಿಂದ ದೂರ ಇರುವುದು ಅಗತ್ಯ. ಆಮೇಲೆ ಸಹಿ, ತಾರೀಕು, ನೋಂದಣಿ ಸಂಖ್ಯೆ. ಡಾಕ್ಟರ್ ತಾವು ಕೊಟ್ಟ ಸರ್ಟಿಫಿಕೇಟಿನ ವಿವರವನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಹಾಗಾಗಿ ಪರಿಚಯದ ಕಾಂಪೌಂಡರ್ ಕೈಯಲ್ಲಿ ಸೀಲು ಹೊಡೆಸಿಕೊಂಡು ಬರುವ ಕಾಗದ ಯಾವತ್ತಾದರೂ ಕೈಕೊಡುತ್ತದೆ. ಸುಳ್ಳು ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಮೇಲೂ ಕ್ರಮ ಆಗಬಹುದು.

ಮಾದರಿಯಲ್ಲಿ ಕಾಯಿಲೆಯ ಹೆಸರಿಗೆ ಜಾಗ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಷ್ಟು ಬಿಡಿಸಿ ಬರೆಯಬೇಕು ಅನ್ನುವುದನ್ನು ಡಾಕ್ಟರ್ ಹತ್ತಿರ ಮಾತಾಡಬಹುದು. "ಡಾಕ್ಟ್ರೇ, ಇದು ಆಫೀಸಿಗೆ ಹೋಗುವ ಕಾಗದ. ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ ಅಂತ ಬರೆದರೆ ಸಾಕಲ್ವಾ?" ಎಂದು ಕೇಳಿ. ಸುಳ್ಳು ಬರೆಯಿರಿ ಎಂದು ಕೇಳುವುದು ಬೇರೆ, ಅಗತ್ಯದಷ್ಟೇ ಬರೆಯಿರಿ ಎಂದು ಕೇಳುವುದು ಬೇರೆ. ಸಾಕಷ್ಟು ಡಾಕ್ಟರುಗಳು ಒಪ್ಪುತ್ತಾರೆ.

ಕೊಡಬೇಕಾದ್ದು ಸರ್ಟಿಫಿಕೇಟ್ ಮಾತ್ರ. ಲ್ಯಾಬ್ ರಿಪೋರ್ಟ್, ಸ್ಕ್ಯಾನಿಂಗ್ ಫಿಲಂ, ಮಾತ್ರೆ ಚೀಟಿ, ಡಿಸ್ಚಾರ್ಜ್ ಸಮ್ಮರಿ ಇವು ನಿಮ್ಮ ಮನೆಯ ಫೈಲಿಗೆ. ಮಾತ್ರೆ ಚೀಟಿ ಅಪಾಯ, ಯಾಕೆಂದರೆ ಗುಳಿಗೆಯ ಹೆಸರನ್ನು ಗೂಗಲ್ ಮಾಡಿದರೆ ಕಾಯಿಲೆ ಗೊತ್ತಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಂತೂ ಹಳೆಯ ಕಾಯಿಲೆ, ಕುಡಿತದ ಅಭ್ಯಾಸ, ಹೆರಿಗೆಯ ಇತಿಹಾಸ ಎಲ್ಲ ಇರುತ್ತದೆ. ನಿಮ್ಮ ಹತ್ತಿರ ದಾಖಲೆ ಇಲ್ಲದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ. ಅದೇ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು.

ತಾರೀಕಿನ ವಿಷಯದಲ್ಲಿ ನಮ್ಮ ಕಡೆಯ ಒಂದು ಉದಾಹರಣೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದದ್ದು ಇದು. ಕೆಲವರಿಗೆ ಜ್ವರ ಬಿಟ್ಟು, ಹುಷಾರಾದೆ ಅಂದುಕೊಂಡು ವಾರ ಎರಡು ವಾರ ಆದ ಮೇಲೆ ಮತ್ತೆ ತಿರುಗಿ ಬರುತ್ತದೆ. ಮೊದಲ ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತದೆ, ಎರಡನೆಯದು ಮಾಡಿಸಿರುವುದಿಲ್ಲ. ನಡುವಿನ ದಿನಗಳು "ಗೈರು" ಆಗುತ್ತವೆ. ಅವಧಿ ಮುಗಿಯುವ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ ಮುಂದುವರಿಸಿ ಬರೆಸಿಕೊಳ್ಳಿ. ಇಂಥ ಕಾಯಿಲೆಯಲ್ಲಿ ಆರೋಗ್ಯ ಇಲಾಖೆಯವರು ಮನೆಗೆ ಬಂದು ವಿವರ ಕೇಳುತ್ತಾರೆ, ಕ್ಷಯ ಆದರೂ ಡಾಕ್ಟರ್ ಸರ್ಕಾರಕ್ಕೆ ತಿಳಿಸಲೇಬೇಕು. ಅವರಿಗೆ ಹೇಳಿ. ಇಲಾಖೆಗೆ ಗೊತ್ತಾದ ಮಾತ್ರಕ್ಕೆ ನಿಮ್ಮ ಸೂಪರ್‌ವೈಸರ್‌ಗೂ ಗೊತ್ತಾಗಬೇಕು ಎಂದೇನಿಲ್ಲ.

ಇಎಸ್‌ಐ ಇದ್ದರೆ

ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಕಾಯಿಲೆಯ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ದುಡ್ಡು, ವರ್ಷಕ್ಕೆ 91 ದಿನದವರೆಗೆ, ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ದಿನಕ್ಕೆ 600 ರೂಪಾಯಿ ಬೀಳುವವರು ಹತ್ತು ದಿನ ಮಲಗಿದರೆ ಎಂಟು ದಿನಕ್ಕೆ 420ರಂತೆ 3,360 ರೂಪಾಯಿ. ಕಂಪನಿಯಿಂದ ಸಂಬಳದ ರಜೆ ತೆಗೆದುಕೊಂಡ ದಿನಕ್ಕೆ ಇದು ಸಿಗುವುದಿಲ್ಲ, ಎರಡೂ ಕಡೆ ತಿನ್ನೋಕಾಗಲ್ಲ. ಮೊದಲ ಎರಡು ದಿನಕ್ಕೆ ಕಂಪನಿಯ ಸಿಕ್ ಲೀವ್ ಹಾಕಿ, ಮುಂದಿನದಕ್ಕೆ ಇಎಸ್‌ಐ ಪಡೆಯುವುದು ಜಾಣತನ. ಕ್ಷಯ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80 ಸಿಗುತ್ತದೆ. ಅದಕ್ಕೆ ಎರಡು ವರ್ಷದ ಸತತ ಸೇವೆ ಬೇಕು. ಕೆಲಸದಲ್ಲೇ ಪೆಟ್ಟಾಗಿದ್ದರೆ ಶೇ. 90.

ಇಲ್ಲಿ ಜನ ಎಡವುವುದು ಎರಡು ಕಡೆ. ಸರ್ಟಿಫಿಕೇಟ್ ಇಎಸ್‌ಐ ಡಾಕ್ಟರದ್ದೇ ಆಗಿರಬೇಕು. ಖಾಸಗಿ ಡಾಕ್ಟರ್ ಕಾಗದವನ್ನು ಒಪ್ಪುವುದು ಬಿಡುವುದು ಇಎಸ್‌ಐ ನಿಗಮಕ್ಕೆ ಬಿಟ್ಟದ್ದು. ಎರಡನೆಯದು: ಭತ್ಯೆ ಪಡೆಯುತ್ತಿರುವಾಗ ಡಾಕ್ಟರ್ ಅನುಮತಿ ಇಲ್ಲದೆ ಚಿಕಿತ್ಸೆಯ ಊರು ಬಿಟ್ಟು ಹೋಗುವಂತಿಲ್ಲ. ಭದ್ರಾವತಿಯಲ್ಲಿ ತೋರಿಸಿಕೊಂಡು, ನೋಡಿಕೊಳ್ಳುವವರಿದ್ದಾರೆ ಅಂತ ಹೊಸನಗರದ ತವರಿಗೆ ಹೋಗುವುದು ಸಹಜ. ಹೋಗಿ, ಆದರೆ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

"ಏನಾಗಿದೆ ಅಂತ ಪೂರ್ತಿ ಹೇಳು" ಅಂದರೆ

ಕಾಯಿಲೆ ಕೇಳುವುದೇ ಅಪರಾಧ ಎಂದು ನಮ್ಮ ಯಾವ ಕಾನೂನೂ ನೇರವಾಗಿ ಹೇಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಅಮೆರಿಕದ, ಇಂಗ್ಲೆಂಡಿನ ನಿಯಮ ಓದಿಕೊಂಡು ಬಂದು ವಾದ ಮಾಡಿದರೆ ಇಲ್ಲಿ ನಡೆಯುವುದಿಲ್ಲ. ಹಾಗಂತ ಕೈಯಲ್ಲಿ ಏನೂ ಇಲ್ಲ ಅಂತಲೂ ಅಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರಿ ಕಚೇರಿಯಲ್ಲಿ ಇರುವವರು ಇದನ್ನು ನೇರವಾಗಿ ಹಿಡಿದು ಮಾತಾಡಬಹುದು. ಖಾಸಗಿ ಕಂಪನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 2011ರ ನಿಯಮಗಳು ಇವೆ. ಅವುಗಳಲ್ಲಿ ದೇಹದ ಮತ್ತು ಮನಸ್ಸಿನ ಆರೋಗ್ಯ, ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿದೆ. ತೆಗೆದುಕೊಳ್ಳುವಾಗ ಬರಹದ ಒಪ್ಪಿಗೆ ಬೇಕು, ಅಗತ್ಯ ಇರುವಷ್ಟನ್ನೇ ತೆಗೆದುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಕಂಪನಿಗಳ ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿ. ಆದರೆ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎಂಬ ಕಿಂಡಿ ಅದರಲ್ಲಿದೆ. ಹೊಸ ಕಾಯ್ದೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಗಟ್ಟಿಯಾದ ಬಾಗಿಲು ಇರುವುದು ಡಾಕ್ಟರ್ ಕಡೆ. ರೋಗಿಯ ಗುಟ್ಟನ್ನು ಡಾಕ್ಟರ್ ಬಿಟ್ಟುಕೊಡುವಂತಿಲ್ಲ. ಕೋರ್ಟ್ ಆದೇಶ, ಸಾಂಕ್ರಾಮಿಕ ರೋಗ, ಬೇರೆಯವರ ಜೀವಕ್ಕೆ ಅಪಾಯ ಇಂಥ ಸಂದರ್ಭ ಬಿಟ್ಟು. ಎಚ್‌ಆರ್‌ನವರು ಕ್ಲಿನಿಕ್ಕಿಗೆ ಫೋನ್ ಮಾಡಿ "ಈ ಸರ್ಟಿಫಿಕೇಟ್ ನಿಮ್ಮದೇನಾ?" ಎಂದು ಖಾತ್ರಿ ಮಾಡಿಕೊಳ್ಳುವುದು ಸರಿ. "ಅವರಿಗೆ ಏನಾಗಿತ್ತು?" ಎಂದು ಕೇಳಿದರೆ ಡಾಕ್ಟರ್ ಉತ್ತರಿಸಬಾರದು. ಚಿಕಿತ್ಸೆಗೆ ಹೋದಾಗಲೇ "ಆಫೀಸಿನಿಂದ ಫೋನ್ ಬಂದರೆ ನನ್ನನ್ನು ಕೇಳದೆ ಹೇಳಬೇಡಿ" ಎಂದು ರಿಸೆಪ್ಶನ್‌ನಲ್ಲೂ ಒಂದು ಮಾತು ಹಾಕಿ ಬನ್ನಿ. ಬಾಯಿ ಬಿಡುವುದು ಹೆಚ್ಚಾಗಿ ಅಲ್ಲೇ.

ಎರಡು ಕಾಯಿಲೆಗಳಿಗೆ ಪ್ರತ್ಯೇಕ ಕಾನೂನೇ ಇದೆ. ಮಾನಸಿಕ ಕಾಯಿಲೆಯ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್. ಎಚ್‌ಐವಿ ಇರುವವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಕೆಲಸಕ್ಕೆ ಸೇರಲು ಪರೀಕ್ಷೆ ಕಡ್ಡಾಯ ಮಾಡುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಷಿದ್ಧ. ಗರ್ಭಪಾತ ಆದವರು ಸಿಕ್ ಲೀವಿನಲ್ಲಿ ಕಳೆದುಕೊಳ್ಳಬೇಕಾಗಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಆರು ವಾರ ಸಂಬಳದ ರಜೆ ಇದೆ. ಸೂಪರ್‌ವೈಸರ್ ಗಂಡಸು, ಹೇಳೋಕೆ ಮುಜುಗರ ಅಂದರೆ ಕಾಗದವನ್ನು ಕವರಿನಲ್ಲಿಟ್ಟು ಅಂಟಿಸಿ, ಮೇಲೆ "ಗೋಪ್ಯ" ಎಂದು ಬರೆದು ಎಚ್‌ಆರ್‌ಗೆ ನೇರ ಕೊಡಿ.

ಎದುರು ನಿಂತಾಗ ಕಾನೂನಿನ ಸೆಕ್ಷನ್ ಹೇಳುವುದಕ್ಕಿಂತ ಮೆತ್ತಗೆ ಒಂದು ಮಾತು ಹೇಳುವುದು ನಮ್ಮ ಊರಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. "ಸಾರ್, ಕೆಲಸಕ್ಕೆ ಬೇಕಾದ್ದೆಲ್ಲ ಸರ್ಟಿಫಿಕೇಟಿನಲ್ಲಿದೆ. ಉಳಿದದ್ದು ಮನೆ ವಿಷಯ." ಅಷ್ಟಕ್ಕೂ ಬಿಡದಿದ್ದರೆ "ಇನ್ನೂ ಯಾವ ವಿವರ ಬೇಕು, ಯಾವ ನಿಯಮದಲ್ಲಿ ಅಂತ ದಯವಿಟ್ಟು ಇಮೇಲಿನಲ್ಲಿ ಕೇಳಿ" ಅನ್ನಿ. ಬರಹದಲ್ಲಿ ಕೇಳಿ ಅಂದ ಕೂಡಲೇ ಅರ್ಧ ಜನ ಸುಮ್ಮನಾಗುತ್ತಾರೆ.

ಅನುಮಾನ ಇದ್ದರೆ ಕಂಪನಿಯ ಡಾಕ್ಟರ್ ಹತ್ತಿರ ಪರೀಕ್ಷೆಗೆ ಕಳಿಸುವ ಹಕ್ಕು ಕೆಲವು ಕಡೆ ನಿಯಮದಲ್ಲೇ ಇರುತ್ತದೆ. ಸರ್ಕಾರಿ ನೌಕರರನ್ನು ಎರಡನೇ ಅಭಿಪ್ರಾಯಕ್ಕೆ ಕಳಿಸಬಹುದು. ಹೋಗಿ ಬನ್ನಿ, ಹೋಗದಿದ್ದರೆ ನಿಮಗೇ ತೊಂದರೆ. ಆದರೆ ವರದಿಯಲ್ಲಿ "ಕೆಲಸಕ್ಕೆ ಯೋಗ್ಯ" ಅಥವಾ "ಯೋಗ್ಯರಲ್ಲ" ಎಂದಷ್ಟೇ ಬರೆಯುವಂತೆ ಕೋರಿಕೊಳ್ಳಿ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕ್ಲೇಮು ಇನ್ನೊಂದು ಸೋರುವ ಜಾಗ. ಅದಕ್ಕೆ ಪೂರ್ತಿ ದಾಖಲೆ ಬೇಕೇ ಬೇಕು. ಅದನ್ನು ಆಫೀಸ್ ಮೂಲಕ ಕೊಡದೆ ನೇರವಾಗಿ ವಿಮಾ ಕಂಪನಿಯ ಆ್ಯಪಿನಲ್ಲಿ ಹಾಕಲು ಆಗುತ್ತದಾ ಕೇಳಿ ನೋಡಿ.

ರಜೆಯಲ್ಲಿ ಇರುವಾಗ

ಕೆಲಸ ಒಪ್ಪಿಸುವ ವಿವರ ಒಂದೇ ಸಲ ಬರೆದು ಕಳಿಸಿ. ಪಾಸ್‌ವರ್ಡ್ ಕೊಡಬೇಡಿ. ಹಾಜರಿ ಆ್ಯಪ್ ಫೋನಿನಲ್ಲಿದ್ದರೆ ಅದರ ಲೊಕೇಶನ್ ಅನುಮತಿ ತೆಗೆದುಹಾಕಿ, ಕೆಲಸಕ್ಕೆ ಬಂದ ದಿನ ಮತ್ತೆ ಕೊಟ್ಟರಾಯಿತು. ಆಫೀಸಿನಿಂದ ಯಾರಾದರೂ ನೋಡಲು ಬಂದರೆ ಮರ್ಯಾದೆಯಿಂದ ಕೂರಿಸಿ. ಅವರಿಗೆ ಒಳಗೆ ಬರುವ ಹಕ್ಕು ಇಲ್ಲ, ನೀವು ಕರೆದರೆ ಮಾತ್ರ. ಕಾಫಿ ಕೊಡಿ, ಫೈಲ್ ಕೊಡಬೇಡಿ.

ಇನ್ನು ನಮ್ಮ ಕಡೆಯ ಹಳೇ ಚಾಳಿ. ಅಡಿಕೆ ಕೊಯ್ಲಿಗೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಗೆ ಸಿಕ್ ಲೀವ್ ಹಾಕುವುದು, ಆಮೇಲೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ತೊಟ್ಟಿಲ ಮೇಲಿಂದ ಫೋಟೋ! ಸ್ಟೇಟಸ್ಸು ನೀವೇ ತೋರಿಸಿದ್ದು, ಅದಕ್ಕೆ ಖಾಸಗಿತನದ ರಕ್ಷಣೆ ಕೇಳೋಕಾಗಲ್ಲ. ಸುಳ್ಳು ಹೇಳಿ ರಜೆ ಪಡೆದದ್ದು ಶಿಸ್ತು ಕ್ರಮಕ್ಕೆ ಕಾರಣ ಆಗುತ್ತದೆ. ಕೊಯ್ಲಿಗೆ ಗಳಿಕೆ ರಜೆ ಹಾಕಿ. ಒಬ್ಬರು ಹೀಗೆ ಸಿಕ್ಕಿಬಿದ್ದರೆ, ನಿಜವಾಗಿ ಹುಷಾರಿಲ್ಲದ ಮುಂದಿನ ಹತ್ತು ಜನರನ್ನು ಅನುಮಾನದಿಂದ ನೋಡುತ್ತಾರೆ.

ವಾಪಸ್ ಹೋಗುವಾಗ, ಮತ್ತು ಹೋಗಲು ಬಿಡದಿದ್ದಾಗ

ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾ ಎಂದು ಮುಂಚೆಯೇ ಕೇಳಿ. ಭಾರ ಎತ್ತಬಾರದು, ರಾತ್ರಿ ಪಾಳಿ ಬೇಡ ಎಂದಿದ್ದರೆ ಆ ಮಿತಿಯನ್ನು ಮಾತ್ರ ಬರೆಸಿಕೊಳ್ಳಿ, ಕಾರಣ ಬೇಡ. ಕಾಗದ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಇಎಸ್‌ಐ ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. 1948ರ ಇಎಸ್‌ಐ ಕಾಯ್ದೆಯಲ್ಲಿ ಅದು 73ನೇ ಸೆಕ್ಷನ್. 2025ರ ನವೆಂಬರ್ 21ರಿಂದ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅಂಗಡಿ, ಕಚೇರಿಗಳಲ್ಲಿ ಆರು ತಿಂಗಳ ಸತತ ಸೇವೆ ಆದವರನ್ನು ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯಬಾರದು. "ಎಂಟು ದಿನ ಬರಲಿಲ್ಲ, ಹಾಗಾಗಿ ತಾನಾಗಿಯೇ ಕೆಲಸ ಹೋಯಿತು" ಎಂಬ ಮಾತನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಒಪ್ಪಲಿಲ್ಲ. ವಿಚಾರಣೆ ನಡೆಸಿ, ನಿಮ್ಮ ಮಾತು ಕೇಳಬೇಕು. ರಾಜೀನಾಮೆ ಬರೆದುಕೊಡು ಎಂದು ಒತ್ತಾಯಿಸಿದರೆ ಅಲ್ಲೇ ಸಹಿ ಹಾಕಬೇಡಿ. ಮನೆಗೆ ಹೋಗಿ ಓದಿ ಹೇಳುತ್ತೇನೆ ಅನ್ನಿ.

ದೂರಿಗೆ ಶಿವಮೊಗ್ಗದ ಕಾರ್ಮಿಕ ಅಧಿಕಾರಿಗಳ ಕಚೇರಿ ಇದೆ. ಕಾರ್ಮಿಕ ಸಹಾಯವಾಣಿ 155214, ಇಎಸ್‌ಐ ವಿಷಯಕ್ಕೆ 1800-11-2526. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಅದಕ್ಕೆ 15100. ಹೋಗುವಾಗ ನೇಮಕಾತಿ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ರಜೆ ಕೇಳಿದ ಮೆಸೇಜಿನ ಪ್ರಿಂಟ್, ಸರ್ಟಿಫಿಕೇಟಿನ ಸೀಲು ಹಾಕಿದ ಪ್ರತಿ, ತೆಗೆದುಹಾಕಿದ ಪತ್ರ ಇದ್ದರೆ ಅದು, ಇಷ್ಟನ್ನೂ ತಾರೀಕಿನ ಪ್ರಕಾರ ಜೋಡಿಸಿ ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಳ್ಳಿ. ಲ್ಯಾಬ್ ರಿಪೋರ್ಟ್ ಅಲ್ಲಿಗೂ ಒಯ್ಯಬೇಕಾಗಿಲ್ಲ, ಅವರಾಗಿಯೇ ಕೇಳಿದರೆ ಮಾತ್ರ.